ಇಪ್ಪತ್ತೊಂದು ಕುಶಾಲತೋಪು

ಸತ್ತವರ ಬಗ್ಗೆ ಸುಳ್ಳು ಹೇಳಬಾರದು ಎನ್ನುತ್ತಾರೆ. ಹೇಳುವವರಿಗೇನು! ನಾನು ಸೋಮಯ್ಯ, ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದು, ನಿವೃತ್ತನಾದ ಮೇಲೆ ಹುಣಸೂರು ಸೀಮೆಯ ನುಡಿನಮನಗಳಿಗೆಲ್ಲ ಮೈಕು ಹಿಡಿಯುವವನು. ಸುಳ್ಳಿಲ್ಲದೆ ಮುಗಿದ ಒಂದು ನುಡಿನಮನವನ್ನೂ ನಾನು ಕಂಡಿಲ್ಲ. ಜೀವಮಾನವಿಡೀ ಪಕ್ಕದ ಹೊಲದ ಬದು ಒತ್ತಿಕೊಂಡು ಬಂದವನನ್ನು ‘ಅಜಾತಶತ್ರು’ ಎಂದು ಇದೇ ಬಾಯಲ್ಲಿ ಹೊಗಳಿದ್ದೇನೆ. ಪಕ್ಕದ ಹೊಲದವನು ಮೊದಲ ಸಾಲಿನಲ್ಲೇ ಕೂತಿದ್ದ, ಪಾಪ, ತಲೆಯಾಡಿಸಿದ.

ಆದರೆ ಹಲಗೇಗೌಡರ ವಿಷಯ ಬೇರೆ. ಅವರ ಬಗ್ಗೆ ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ.

ಗೌಡರು ಎರಡು ಸಲ ಲೋಕಸಭಾ ಸದಸ್ಯರಾಗಿದ್ದವರು. ಪಿರಿಯಾಪಟ್ಟಣದಿಂದ ಹಿಡಿದು ಕೋಟೆ ತಾಲ್ಲೂಕಿನ ಕೊನೆಯವರೆಗೆ ಇಪ್ಪತ್ತಾರು ಸೇತುವೆ ಕಟ್ಟಿಸಿದರು. ಅವರ ಸ್ವಂತ ಊರು, ಅಂದರೆ ನಮ್ಮ ಹೊಂಗೆಮಾಳ, ವೀರನಹೊಸಹಳ್ಳಿಯಿಂದ ಆಚೆ ಕಾಡಂಚಿನಲ್ಲಿದೆ. ಊರಿಗೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ. ಆ ಹಳ್ಳಕ್ಕೆ ಮಾತ್ರ ಸೇತುವೆ ಇಲ್ಲ. ಕೇಳಿದರೆ ಗೌಡರು, “ತನ್ನೂರಿಗೆ ಮೊದ್ಲು ಮಾಡ್ಕಂಡ ಅಂತಾರೆ ಕಣ್ರಯ್ಯ. ಎಲ್ಲಾರ್ದೂ ಆಗ್ಲಿ, ಕಡೇಲಿ ನಮ್ದು” ಎನ್ನುತ್ತಿದ್ದರು. ಎಲ್ಲರದೂ ಆಯಿತು. ನಮ್ಮ ಸರದಿ ಬರುವಷ್ಟರಲ್ಲಿ ಚುನಾವಣೆ ಬಂತು, ಗೌಡರು ಸೋತರು. ಆಮೇಲೆ ಹತ್ತೊಂಬತ್ತು ವರ್ಷ ಒಂದು ಇಲಾಖೆಗೆ ಕಾಗದ ಬರೆದರು. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ನನಗೆ ಪಿಂಚಣಿ ಬರುತ್ತಿದೆ, ಅದು ಬರುತ್ತಲೇ ಇರಲಿ.

ಹೋದ ಅಕ್ಟೋಬರಿನಲ್ಲಿ ಗೌಡರು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಶವ ತಂದ ಗಾಡಿ ಹಳ್ಳದ ಆಚೆ ನಿಂತುಬಿಟ್ಟಿತು. ಇಪ್ಪತ್ತಾರು ಸೇತುವೆ ಕಟ್ಟಿಸಿದ ಮನುಷ್ಯ ಕೊನೆಯ ಹಳ್ಳವನ್ನು ಜನರ ಹೆಗಲ ಮೇಲೆ, ಮೊಣಕಾಲುದ್ದ ನೀರಿನಲ್ಲಿ ದಾಟಿ ಮನೆಗೆ ಬಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸರ್ಕಾರಿ ಗೌರವಕ್ಕೆಂದು ಬಂದ ಪೊಲೀಸರ ವ್ಯಾನು ಹಳ್ಳದಲ್ಲಿ ಹೂತುಕೊಂಡಿತು. ಪಾಪ, ಅವರು ಬಂದೂಕುಗಳನ್ನು ತಲೆಯ ಮೇಲೆ ಹೊತ್ತು ದಾಟಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ಮಣ್ಣು ಮುಗಿದಿತ್ತು. ಒಂದು ಗುಂಡೂ ಹಾರಲಿಲ್ಲ.

ಇದನ್ನು ಸಹಿಸದೇ ಹೋದವನು ಸಣ್ಣಬೀರಯ್ಯ.

ಸಣ್ಣಬೀರಯ್ಯ ನಮ್ಮೂರಿನ ಆನೆ ಕಾವಲಿನವನು. ಕಾಡಿನಿಂದ ಆನೆಗಳು ಜೋಳದ ಹೊಲಕ್ಕೆ ಇಳಿದರೆ ದಪ್ಪ ಪಟಾಕಿ ಹಚ್ಚಿ ಓಡಿಸುವುದು ಅವನ ಕೆಲಸ. ತನ್ನನ್ನು ತಾನು ‘ಆನೆ ಇನ್‌ಚಾರ್ಜ್’ ಎಂದು ಪರಿಚಯ ಮಾಡಿಕೊಳ್ಳುತ್ತಾನೆ. ಮನುಷ್ಯ ಅಪ್ಪಟ ಬಂಗಾರ, ಆದರೆ ತಲೆ ಹಿಂದೆ ಇರುತ್ತದೆ, ಕೈ ಮುಂದೆ ಇರುತ್ತದೆ. ಗೌಡರು ಗೆದ್ದ ಎರಡು ಸಲವೂ ಊರಲ್ಲಿ ಪಟಾಕಿ ಹಚ್ಚಿದವನು ಅವನೇ. ಮೂರನೇ ಸಲವೂ ಹಚ್ಚಿದ. ರೇಡಿಯೋದಲ್ಲಿ ‘ಹಲಗೇಗೌಡರು’ ಎಂಬಷ್ಟನ್ನು ಕೇಳಿ ಎದ್ದು ಓಡಿದ್ದ, ‘ಸೋತಿದ್ದಾರೆ’ ಎಂಬುದಕ್ಕೆ ಕಾಯಲಿಲ್ಲ. ಊರವರು ಹೊಡೆಯಲು ಹೋದಾಗ ಗೌಡರೇ ಅಡ್ಡ ಬಂದು, “ಬುಡ್ರಲಾ, ಸೋತಾಗ ಪಟಾಕಿ ಹೊಡೆಸ್ಕಂಡ ಎಂಪಿ ಇಂಡಿಯಾದಲ್ಲೇ ನಾನೊಬ್ಬ” ಎಂದು ಹೊಟ್ಟೆ ಹಿಡಿದು ನಕ್ಕಿದ್ದರು.

ಮಣ್ಣಾದ ಮಾರನೆಯ ದಿನವೇ ಸಣ್ಣಬೀರಯ್ಯ ನನ್ನ ಜಗಲಿಗೆ ಬಂದು ಕೂತ.

“ಮೇಷ್ಟ್ರೇ, ದಸರಾದಲ್ಲಿ ಕುಶಾಲತೋಪು ಎಷ್ಟು ಹೊಡೀತಾರೆ?”

“ಇಪ್ಪತ್ತೊಂದು.”

“ನಮ್ಮ ಗೌಡ್ರಿಗೆ ಒಂದೂ ಇಲ್ವಲ್ಲ ಮೇಷ್ಟ್ರೇ.”

“ಬಿಡಪ್ಪ, ಗೌರವ ಮನಸ್ಸಿನಲ್ಲಿದ್ದರೆ ಸಾಕು” ಎಂದೆ.

ಅವನು ಏನೂ ಮಾತಾಡದೆ ಎದ್ದು ಹೋದ. ನಲವತ್ತು ವರ್ಷದಿಂದ ಅವನನ್ನು ಬಲ್ಲ ನಾನು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಸಣ್ಣಬೀರಯ್ಯ ಸುಮ್ಮನಾದ ಎಂದರೆ ಎಲ್ಲೋ ಏನೋ ಹತ್ತಿಕೊಂಡಿದೆ ಎಂದೇ ಅರ್ಥ.

ಹನ್ನೊಂದನೇ ದಿನ ತಿಥಿ. ಅದರ ಜೊತೆಗೇ ನುಡಿನಮನ. ಗೌಡರನ್ನು ಮಣ್ಣು ಮಾಡಿದ್ದು ಅವರ ಹೊಲದಲ್ಲೇ, ದೊಡ್ಡ ಗೋಣಿಮರದ ಕೆಳಗೆ. ಪಕ್ಕದಲ್ಲಿ ಶಾಮಿಯಾನ ಹಾಕಿಸಿದ್ದರು. ಸುತ್ತಲಿನ ನಾಲ್ಕು ತಾಲ್ಲೂಕಿನ ಜನ, ಮುಖಂಡರು, ಅಧಿಕಾರಿಗಳು ಎಲ್ಲರೂ ಪ್ಯಾಂಟು ಪಂಚೆ ಮೇಲೆತ್ತಿಕೊಂಡು ಹಳ್ಳ ದಾಟಿ ಬಂದು ಕೂತಿದ್ದರು. ಹನ್ನೊಂದೂವರೆಗೆ ಸಮಾಧಿಯ ಗುಡ್ಡೆಯ ಮುಂದೆ ಬಾಳೆಲೆ ಹಾಸಿ ಗೌಡರಿಗೆ ಇಷ್ಟವಾದ ಮುದ್ದೆ, ಬಾಡಿನ ಸಾರು, ಉಪ್ಪೆಸರು, ವಡೆ ಎಲ್ಲ ಬಡಿಸಿ ಎಡೆ ಇಟ್ಟರು. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಹೋದವರು ತೃಪ್ತರಾದರು ಎಂದು ಲೆಕ್ಕ, ಮುಟ್ಟದಿದ್ದರೆ ಏನೋ ಆಸೆ ಬಾಕಿ ಉಳಿದಿದೆ ಎಂದು. ಕಾಗೆ ಮುಟ್ಟುವವರೆಗೆ ಯಾರೂ ಊಟಕ್ಕೆ ಕೂರುವ ಹಾಗಿಲ್ಲ. ಗೌಡರ ಹೆಂಡತಿ ಕೆಂಪಾಜಮ್ಮನವರಂತೂ ಎಪ್ಪತ್ತೆಂಟು ವರ್ಷದ ಜೀವ, ಹಿಂದಿನ ದಿನದಿಂದ ಒಂದು ತೊಟ್ಟು ನೀರೂ ಕುಡಿಯದೆ ಗುಡ್ಡೆಯ ಪಕ್ಕ ಕಂಬಳಿಯ ಮೇಲೆ ಕೂತಿದ್ದರು.

ಹನ್ನೆರಡಾಯಿತು. ಕಾಗೆ ಇಲ್ಲ.

ಗೋಣಿಮರ ಎಂದರೆ ಕಾಗೆಗಳ ಊರು. ಯಾವ ಹೊತ್ತಿನಲ್ಲಿ ಹೋದರೂ ತಲೆಯ ಮೇಲೆ ಏನಾದರೂ ಬೀಳದೆ ವಾಪಸು ಬಂದವರಿಲ್ಲ. ಇವತ್ತು ಕೊಂಬೆ ಕೊಂಬೆ ಹುಡುಕಿದರೂ ಒಂದು ಕಾಗೆ ಇಲ್ಲ! ಗೌಡರ ಮಗ ಶಿವಶಂಕರ ಎದ್ದು ನಿಂತು, “ಕಾ… ಕಾ…” ಎಂದು ಕರೆದ. ಆಮೇಲೆ ನೆಂಟರು ಕರೆದರು. ಕೊನೆಗೆ ಶಾಮಿಯಾನದಲ್ಲಿದ್ದ ಗಣ್ಯರೂ ಎದ್ದು ಆಕಾಶ ನೋಡುತ್ತ “ಕಾ… ಕಾ…” ಎನ್ನತೊಡಗಿದರು. ಅಷ್ಟು ಒಗ್ಗಟ್ಟಿನಿಂದ ಎಲ್ಲ ಪಕ್ಷದವರೂ ಒಂದೇ ಮಾತು ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ನಮ್ಮ ಸಾಲಿಗ್ರಾಮದಲ್ಲಿ ಎಡೆ ಇಡೋಕ್ಕೂ ಮುಂಚೆ ಬಂದು ಸಾಲಾಗಿ ಕೂತಿರ್ತವೆ ಕಣ್ರೀ” ಎಂದು ಬೀಗರೊಬ್ಬರು ಕುಟುಕಿದರು.

“ಎಡೇಲಿ ಏನೋ ಕಮ್ಮಿ ಆಗೈತೆ” ಎಂದರು ಯಾರೋ. ಬೀಡಿ ಕಟ್ಟು ತಂದಿಟ್ಟರು. ಬರಲಿಲ್ಲ. ಆವತ್ತಿನ ಪೇಪರು ತಂದಿಟ್ಟರು. ಬರಲಿಲ್ಲ. “ಕಾಪಿ ಇಡ್ರಪ್ಪ, ಗೌಡ್ರಿಗೆ ಕಾಪಿ ಅಂದ್ರೆ ಪ್ರಾಣ” ಎಂದರು ಇನ್ಯಾರೋ.

ಆ ಮಾತಿಗೆ ಕೆಂಪಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟರು.

“ಕಡೇ ದಿನ ಆಸ್ಪತ್ರೇಲಿ ಕೇಳುದ್ರು ಕಣ್ರವ್ವ. ‘ಕೆಂಪಿ, ಒಂದ್ಸಲ ಸಕ್ರೆ ಹಾಕಿ ಕಾಪಿ ಕೊಡೇ’ ಅಂದ್ರು. ಸುಗರ್ರು ಅಂತ ನಾನು ಕೊಡ್ನಿಲ್ಲ. ಆ ಕಾಪಿ ಆಸೇಲೇ ಓಗ್ಬುಟ್ರು. ನಾನು ಪಾಪಿ!”

ಸಕ್ಕರೆ ಸುರಿದು ಕಾಫಿ ತಂದಿಟ್ಟರು. ಆಗಲೂ ಕಾಗೆ ಬರಲಿಲ್ಲ. ಕೆಂಪಾಜಮ್ಮನವರು ಎದೆ ಎದೆ ಬಡಿದುಕೊಳ್ಳುವುದನ್ನು ನೋಡಲಾಗದೆ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು.

ಆಗ ನನ್ನ ಅಂಗಿಯ ತೋಳು ಯಾರೋ ಎಳೆದ ಹಾಗಾಯಿತು. ಸಣ್ಣಬೀರಯ್ಯ. ಮುಖ ಬೂದಿಯಾಗಿತ್ತು.

“ಮೇಷ್ಟ್ರೇ, ಕಾಗೆ ಬರಕ್ಕಿಲ್ಲ.”

“ಯಾಕೆ?”

“ಬೆಳಗ್ಗೆ ಆರು ಗಂಟೇಲಿ ಗೌಡ್ರಿಗೆ ಕುಶಾಲತೋಪು ಹೊಡ್ದೆ. ಇಪ್ಪತ್ತೊಂದು. ಆನೆ ಪಟಾಕೀಲಿ.”

“ಎಲ್ಲಿ ಹೊಡೆದೆ?”

ಅವನು ಕಣ್ಣಲ್ಲೇ ಗೋಣಿಮರ ತೋರಿಸಿದ. ಶಬ್ದ ದೆಹಲಿವರೆಗೂ ಕೇಳಲಿ ಎಂದು ಮರ ಹತ್ತಿ ಕೊಂಬೆ ಕೊಂಬೆಗೂ ಕಟ್ಟಿ ಹಚ್ಚಿದನಂತೆ. ಕಾಗೆಗಳೆಲ್ಲ ಒಟ್ಟಿಗೆ ಎದ್ದು ಕೋಟೆಯ ದಿಕ್ಕಿಗೆ ಹೋದವಂತೆ. ಮರಿಗಳಿದ್ದವಾ ಎಂದು ಕೇಳಿದೆ. ಇಲ್ಲ, ಗೂಡುಗಳೆಲ್ಲ ಖಾಲಿ ಎಂದ. ಅಷ್ಟರ ಮಟ್ಟಿಗೆ ಪುಣ್ಯ. ಬೆಳಗ್ಗೆ ಢಂ ಢಂ ಎಂದದ್ದು ಊರಿಗೆಲ್ಲ ಕೇಳಿತ್ತು. ಆದರೆ ಪಟಾಕಿ ಶಬ್ದಕ್ಕೆ ನಮ್ಮೂರಲ್ಲಿ ಎಮ್ಮೆಯೂ ಕಿವಿ ಅಲ್ಲಾಡಿಸುವುದಿಲ್ಲ. ನನ್ನ ಹೆಂಡತಿ “ಆನೆ ಬಂದ್ವೇನೋ” ಎಂದು ಒಲೆ ಹಚ್ಚಲು ಹೋದಳು, ನಾನು ಮಗ್ಗುಲು ಬದಲಿಸಿದ್ದೆ.

“ಅವ್ವ ಅಂಗೆ ಅಳ್ತಾವ್ಳೆ ಮೇಷ್ಟ್ರೇ, ನಾನು ಏಳ್ಬುಡ್ತೀನಿ” ಎಂದ ಸಣ್ಣಬೀರಯ್ಯ.

“ಹೇಳು ಹೋಗು” ಎಂದೆ. ಆ ಕ್ಷಣದಲ್ಲಿ ನಾನು ಧರ್ಮರಾಯನೇ ಆಗಿದ್ದೆ. ಆದರೆ ಅದೇ ಕ್ಷಣಕ್ಕೆ ಹುಣಸೂರಿನ ಮುಖಂಡರೊಬ್ಬರು ವೇದಿಕೆಗೆ ನುಗ್ಗಿ ನನ್ನ ಕೈಯಿಂದ ಮೈಕು ಕಸಿದರು.

“ಗೌಡ್ರೇ, ನಿಮ್ಮ ಆಸೆ ಏನು ಅಂತ ನಮಗೆ ಗೊತ್ತು! ಹುಣಸೂರಿನ ಸರ್ಕಲ್ಲಿನಲ್ಲಿ ನಿಮ್ಮ ಪ್ರತಿಮೆ ನಿಲ್ಲಿಸ್ತೀವಿ!”

ಜನ ಆಕಾಶ ನೋಡಿದರು. ಏನೂ ಇಲ್ಲ.

“ಕಂಚಿಂದು!” ಎಂದರು ಮುಖಂಡರು. ಏನೂ ಇಲ್ಲ.

ಶಿವಶಂಕರ ಮೈಕು ತೆಗೆದುಕೊಂಡ. ಮೂರು ವರ್ಷದಿಂದ ಖಾದಿ ಹಾಕಿಕೊಂಡು ಓಡಾಡುತ್ತಿದ್ದ ಮಗ. “ಅಪ್ಪಾಜಿ, ನಿಮ್ಮ ಹಾದಿಯಲ್ಲೇ ನಡೀತೀನಿ. ಬರೋ ಎಲೆಕ್ಷನ್‌ಗೆ ನಿಂತೇ ನಿಲ್ತೀನಿ!”

ಒಂದು ಗುಬ್ಬಚ್ಚಿಯೂ ಅಲುಗಲಿಲ್ಲ.

“ನಿಲ್ಲಕ್ಕಿಲ್ಲ ಅಂತ ಒಂದ್ಸಲ ಏಳಿ ನೋಡಪ್ಪ, ಅದ್ಕಾದ್ರೂ ಬತ್ತದೇನೋ” ಎಂದರು ಹಿಂದಿನಿಂದ ಮುದುಕರೊಬ್ಬರು. ಶಿವಶಂಕರ ಕೆಂಪಗಾಗಿ ಕೂತುಬಿಟ್ಟ.

ಆಗ ಹೆಂಗಸರ ನಡುವಿನಿಂದ ಗಟ್ಟಿ ದನಿಯೊಂದು ಬಂತು. “ಸೇತ್ವೆ! ಗೌಡ್ರ ಆಸೆ ಸೇತ್ವೆ ಅಲ್ದೆ ಇನ್ನೇನ್ ಐತೆ? ಹತ್ತೊಂಬತ್ತು ವರ್ಸ ಬರ್ದೂ ಬರ್ದೂ ಸತ್ರಲ್ಲ!”

ಅದು ಭಾಗ್ಯಮ್ಮ, ಸಣ್ಣಬೀರಯ್ಯನ ಹೆಂಡತಿ. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಹಾವು ಕಚ್ಚಿದಾಗ ಅವಳನ್ನು ಮಂಚದ ಮೇಲೆ ಮಲಗಿಸಿ ಎದೆಯುದ್ದ ನೀರಿನಲ್ಲಿ ಹಳ್ಳ ದಾಟಿಸಿದ್ದರು. ಬದುಕಿದ್ದೇ ಹೆಚ್ಚು. ಸಾವಿರಾರು ತಲೆಗಳು ಒಟ್ಟಿಗೆ ತಿರುಗಿ ಮುಂದಿನ ಸಾಲಿನಲ್ಲಿ ಕೂತಿದ್ದ, ನಾನು ಹೆಸರು ಹೇಳದ ಆ ಇಲಾಖೆಯ ಇಂಜಿನಿಯರ್ ಕಿರಣ್‌ಕುಮಾರ್ ಅವರನ್ನು ನೋಡಿದವು.

ನಾನು ಸಣ್ಣಬೀರಯ್ಯನ ತೋಳು ಹಿಡಿದು ಎಳೆದೆ. “ಈಗ ಬಾಯಿ ಬಿಟ್ಟೀಯಾ ಜೋಕೆ!”

“ಮತ್ತೆ ಏಳು ಅಂದ್ರಿ?”

“ಆಗ ಹೇಳಿದ್ದು ಆಗಿನ ಮಾತು. ಸೇತುವೆ ಬರುತ್ತೆ ಸುಮ್ಮನಿರೋ!”

“ಅವ್ವ ಸತ್ತೋಯ್ತಾಳೆ ಮೇಷ್ಟ್ರೇ” ಎಂದು ಅವನು ಅಳುವುದಕ್ಕೇ ಶುರು ಮಾಡಿದ. ಹೌದು, ಕೆಂಪಾಜಮ್ಮನವರ ತುಟಿ ಒಣಗಿ ಬಿಳಚಿಕೊಂಡಿತ್ತು. ನೀರು ಕುಡಿಸಲು ಹೋದವರ ಕೈ ತಳ್ಳುತ್ತಿದ್ದರು. ಒಂದು ಕಡೆ ಆ ತಾಯಿಯ ಸಂಕಟ, ಇನ್ನೊಂದು ಕಡೆ ಊರಿನ ಸೇತುವೆ. ಮೂವತ್ತೆರಡು ವರ್ಷ ಮಕ್ಕಳಿಗೆ ‘ಸತ್ಯವನ್ನೇ ನುಡಿ’ ಎಂದು ಪಾಠ ಹೇಳಿದ ನಾನು ಸಣ್ಣಬೀರಯ್ಯನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಇಂಜಿನಿಯರ್ ಮೆಲ್ಲಗೆ ಎದ್ದರು. ಅವರಿಗೂ ಸಕ್ಕರೆ ಕಾಯಿಲೆ, ಮಧ್ಯಾಹ್ನ ಒಂದರೊಳಗೆ ಊಟ ಬೀಳಲೇಬೇಕು. ಈಗ ಒಂದೂಕಾಲು. “ನೋಡಿ, ಆ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಿ ಪ್ರಸ್ತಾವನೆ…”

“ಕಾಗೆಗೆ ಪ್ರಸ್ತಾವನೆ ಎಲ್ಲಾ ತಿಳಿಯಕ್ಕಿಲ್ಲ ಸ್ವಾಮಿ! ಫೈಲು ಎಲ್ಲೈತೆ ಏಳಿ!” ಎಂದು ಜನ ಕೂಗಿದರು.

“ಫೈಲು ನನ್ನ ಹತ್ರಾನೇ ಇದೆ. ಸ್ಥಳ ಪರಿಶೀಲನೆ ಆಗಿದೆ ಅಂತ ಒಂದು ಸಾಲು ಬರೆದು ಸಹಿ ಹಾಕಿದರೆ ಮುಂದಕ್ಕೆ ಹೋಗುತ್ತೆ. ಆದರೆ ಸ್ಥಳ ಪರಿಶೀಲನೆ ಆಗಬೇಕಲ್ಲ?”

ಭಾಗ್ಯಮ್ಮ ಮುಂದೆ ಬಂದು ಅವರ ಕಾಲಿನ ಕಡೆ ಕೈ ತೋರಿಸಿದಳು. ಪ್ಯಾಂಟು ಮೊಣಕಾಲಿನವರೆಗೂ ಒದ್ದೆಯಾಗಿತ್ತು. “ಇದ್ಕಿಂತ ಪರಿಸೀಲನೆ ಇನ್ನೆಂಗಪ್ಪ ಮಾಡ್ತೀಯೆ? ಮುಳುಗಿ ಮಾಡ್ತೀಯಾ?”

ಜನ ಹೋ ಎಂದರು. “ಫೈಲು ಜೀಪಲ್ಲಿದೆ” ಎಂದರು ಇಂಜಿನಿಯರ್ ಸಣ್ಣ ದನಿಯಲ್ಲಿ. ಜೀಪು ಹಳ್ಳದ ಆಚೆ ಇತ್ತು. ಶಿವಶಂಕರ ಮೈಕನ್ನು ನನ್ನ ಕೈಗೆ ಕೊಟ್ಟು, ಖಾದಿ ಪಂಚೆ ಎತ್ತಿ ಕಟ್ಟಿ ಓಡಿದ. ಅವನು ಜನಸೇವೆ ಮಾಡಿದ್ದನ್ನು ಕಣ್ಣಾರೆ ಕಂಡದ್ದು ಅವತ್ತೇ.

ಕಾಯುತ್ತಿರುವಾಗ ಸಣ್ಣಬೀರಯ್ಯನ ಫೋನು ಬಡಿದುಕೊಂಡಿತು. ಅವನ ಫೋನಿನ ಸ್ಪೀಕರು ಆಫ್ ಆಗುವುದಿಲ್ಲ, ಅವನಿಗೆ ಆಫ್ ಮಾಡಲು ಬರುವುದೂ ಇಲ್ಲ. ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನ ಹತ್ತಿರವಿರುವ ಭಾವಮೈದುನ ಮಾದೇಶ ಕೂಗಿ ಮಾತಾಡಿದ. “ಬಾವೋ, ಇವತ್ತೇನ್ ಬಾವ, ನಮ್ಮ ಕಬಿನಿ ತಾವು ಎಲ್ಲಿ ನೋಡುದ್ರೂ ಕಾಗೆ! ನಿಮ್ಮ ಕಡೆಯಿಂದ್ಲೇ ಬಂದ್ವು ಕಣೋ. ಯಾರೋ ಪಟಾ…”

ನಾನು ಫೋನನ್ನು ಕಸಿದು ಪಂಚೆಯೊಳಗೆ ಒತ್ತಿಕೊಂಡೆ. ನಮ್ಮ ಸುತ್ತ ಇದ್ದವರೆಲ್ಲ ಇತ್ತ ತಿರುಗಿದರು. ಆಗ ಶಿವಶಂಕರನನ್ನು ಕೂರಿಸಿದ್ದ ಆ ಮುದುಕರೇ ಕೈ ಮುಗಿದು ಹೇಳಿದರು, “ಗೌಡ್ರು ಕಬಿನಿಗೆ ಓಗವ್ರೆ! ಅಲ್ಲಿ ನಾಲೆ ಕೆಲಸ ಅರ್ಧ ಉಳಿದೈತಲ್ಲ, ನೋಡ್ಕಂಡು ಬರಕ್ಕೆ. ಸತ್ರೂ ಸರ್ವಿಸು ಬುಡ್ನಿಲ್ಲ ಪುಣ್ಯಾತ್ಮ!” ಎಲ್ಲರೂ ಭಕ್ತಿಯಿಂದ ದಕ್ಷಿಣಕ್ಕೆ ಕೈ ಮುಗಿದರು. ನಾನೂ ಮುಗಿದೆ.

ಫೈಲು ಬಂತು. ಇಂಜಿನಿಯರ್ ಮೇಜಿನ ಮುಂದೆ ಕೂತರು. ಎಲ್ಲರ ಕಣ್ಣೂ ಪೆನ್ನಿನ ಮೇಲೆ. ನಾನು ಪಕ್ಕಕ್ಕೆ ತಿರುಗಿ ನೋಡಿದರೆ ಸಣ್ಣಬೀರಯ್ಯ ಇಲ್ಲ!

ಅವನು ಕೆಂಪಾಜಮ್ಮನವರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ನಾನು ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓಡಿದೆ. ತಡವಾಗಿತ್ತು.

“ತಪ್ಪಾಯ್ತು ಕಣವ್ವ. ಗುಂಡು ಹಾರಿಸ್ನಿಲ್ಲ ಅಂತ ಹೊಟ್ಟೆ ಉರೀತು. ನಾನೇ ಹೊಡ್ದೆ. ಕಾಗೆ ಎಲ್ಲಾ ನಾನೇ ಓಡಿಸ್ಬುಟ್ಟೆ. ಕಾಪಿಗಲ್ಲ ಕಣವ್ವ, ಪಟಾಕಿಗೆ!”

ಕೆಂಪಾಜಮ್ಮ ಅವನ ಮುಖವನ್ನೇ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಈಗ ಕೂಗುತ್ತಾರೆ, ಜನ ನುಗ್ಗುತ್ತಾರೆ, ಸಣ್ಣಬೀರಯ್ಯನ ಹನ್ನೊಂದನೇ ದಿನಕ್ಕೂ ನಾನೇ ಮೈಕು ಹಿಡಿಯಬೇಕಾಗುತ್ತದೆ ಎಂದುಕೊಂಡೆ.

“ಅಂಗಾದ್ರೆ… ಕಾಪಿಗಲ್ವಾ?” ಎಂದರು ಕೆಂಪಾಜಮ್ಮ.

“ನಿನ್ನಾಣೆಗೂ ಅಲ್ಲ.”

ಆ ಮುದುಕಿ ಉದ್ದನೆಯ ಉಸಿರು ಬಿಟ್ಟರು. ಹನ್ನೊಂದು ದಿನದಿಂದ ಎದೆಯ ಮೇಲೆ ಹೊತ್ತುಕೊಂಡಿದ್ದ ಕಲ್ಲು ಇಳಿದ ಹಾಗೆ ಮುಖ ಸಡಿಲವಾಯಿತು. “ಸೋತಾಗ್ಲೂ ನೀನೇ ಅಲ್ವೇನ್ಲಾ ಹೊಡ್ದಿದ್ದು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕೇಬಿಟ್ಟರು.

ಅಷ್ಟರಲ್ಲಿ ಶಾಮಿಯಾನದಲ್ಲಿ ಗದ್ದಲವೆದ್ದಿತು. “ಬಂತು! ಬಂತು!”

ಗೋಣಿಮರದ ತುದಿಯಲ್ಲಿ ಒಂದು ಕಾಗೆ. ಒಂದೇ ಒಂದು. ಕತ್ತು ಓರೆ ಮಾಡಿ ಬಾಡಿನ ಸಾರನ್ನೇ ನೋಡುತ್ತಿತ್ತು. ಮೇಜಿನ ಹತ್ತಿರ ಇಂಜಿನಿಯರ್ ಪೆನ್ನಿನ ಮುಚ್ಚಳ ಹಾಕಿದರು. ಸಾಲು ಬರೆದಾಗಿತ್ತು, ಸಹಿ ಬಿದ್ದಿರಲಿಲ್ಲ.

“ಬಂತಲ್ಲ! ಗೌಡರಿಗೆ ತೃಪ್ತಿ ಆಯ್ತು. ಮೊದಲು ಊಟ ಆಗಲಿ, ಸಹಿ ಆಫೀಸಿನಲ್ಲಿ ನೋಡಿಕೊಳ್ಳೋಣ” ಎಂದು ಅವರು ಫೈಲು ಮಡಚಿದರು. ಇನ್ನು ಹತ್ತೊಂಬತ್ತು ವರ್ಷ ಎಂದುಕೊಂಡೆ.

ಕಾಗೆ ಒಂದು ಕೊಂಬೆ ಕೆಳಗಿಳಿಯಿತು.

ಕೆಂಪಾಜಮ್ಮ ಅದನ್ನು ನೋಡಿದರು. ಮಡಚಿದ ಫೈಲನ್ನು ನೋಡಿದರು. ಆಮೇಲೆ ತುಟಿ ಅಲುಗದ ಹಾಗೆ ಕೇಳಿದರು, “ಬೀರ, ಇನ್ನೊಂದು ಐತೇನ್ಲಾ?”

“ಏನವ್ವಾ?”

“ಪಟಾಕಿ ಕಣ್ಲಾ ಮಂಕೆ!”

“ಇಲ್ಲ ಕಣವ್ವ, ಎಣಿಸ್ಕಂಡು ಇಪ್ಪತ್ತೊಂದೂ…” ಎನ್ನುತ್ತ ಸಣ್ಣಬೀರಯ್ಯ ಜೇಬು ತಡಕಿದವನು ತಟಕ್ಕನೆ ನಿಂತ. ಕೈ ಹೊರಗೆ ಬಂದಾಗ ಅದರಲ್ಲಿ ದಪ್ಪನೆಯ ಪಟಾಕಿ ಒಂದು ಇತ್ತು. ಆಮೇಲೆ ಯೋಚಿಸಿ ಹೇಳಿದ: ನಡುವೆ ಒಂದು ಬೀಡಿ ಹಚ್ಚಿಕೊಂಡಿದ್ದನಂತೆ. ಹಚ್ಚಿದ್ದನ್ನೆಲ್ಲ ಎಣಿಸುತ್ತ ಹೋದವನು ಅದನ್ನೂ ಸೇರಿಸಿ ಇಪ್ಪತ್ತೊಂದು ಎಂದುಕೊಂಡಿದ್ದ.

ಕಾಗೆ ನೆಲಕ್ಕಿಳಿಯಿತು. ಎಡೆಗೆ ನಾಲ್ಕು ಮಾರು. ಎರಡು ಮಾರು. ಕೊಕ್ಕು ಮುಂದೆ ಚಾಚಿತು.

ಗೋಣಿಮರದ ಹಿಂದಿನಿಂದ ಢಮ್ ಎಂದಿತು!

ಕಾಗೆ ಬಾಣದಂತೆ ಮೇಲೆದ್ದು ಮಾಯವಾಯಿತು. ಎರಡು ಸಾವಿರ ಹಸಿದ ಜನ ಅಯ್ಯೋ ಎಂದು ಕೂಗಿದರು. ಕೆಂಪಾಜಮ್ಮ ಕೋಲು ಊರಿ ಎದ್ದು ನಿಂತರು. “ಆನೆ ಬಂದ್ವೇನೋ ಕಣ್ರಪ್ಪ ಜೋಳಕ್ಕೆ” ಎಂದರು ಸಮಾಧಾನವಾಗಿ. ನಮ್ಮೂರಲ್ಲಿ ಅದನ್ನು ಅನುಮಾನಿಸುವವರು ಯಾರಿದ್ದಾರೆ? ಆಮೇಲೆ ನೇರ ಇಂಜಿನಿಯರ್ ಕಡೆ ತಿರುಗಿದರು. “ನೋಡ್ದೇನಪ್ಪ, ಎಡೆ ತಾವು ಬಂದೋರು ಮುಟ್ಟದೆ ಓಗ್ಬುಟ್ರು. ಅವ್ರಿಗೆ ಗೊತ್ತು, ನೀನು ಸಹಿ ಹಾಕ್ಲಿಲ್ಲ ಅಂತ.”

ಕಿರಣ್‌ಕುಮಾರ್ ಫೈಲು ಬಿಚ್ಚಿ ಸಹಿ ಹಾಕಿದರು. ತಾರೀಕು ಹಾಕಿದರು. ಯಾರೂ ಕೇಳದಿದ್ದರೂ ಮೊಹರನ್ನೂ ಒತ್ತಿದರು. ಭಾಗ್ಯಮ್ಮ ಅದನ್ನು ತಲೆಕೆಳಗಾಗಿ ಹಿಡಿದು ಮೂರು ಸಲ ಓದಿ, ಸರಿ ಇದೆ ಎಂದಳು.

ಹತ್ತು ನಿಮಿಷಕ್ಕೆ ಕಾಗೆ ಮತ್ತೆ ಬಂತು. ಈ ಸಲ ಯಾರೂ ಉಸಿರೂ ಆಡಲಿಲ್ಲ. ಅದು ಬಾಡನ್ನು ದಾಟಿತು, ವಡೆಯನ್ನು ದಾಟಿತು, ಕಾಫಿ ಲೋಟದ ಅಂಚಿನ ಮೇಲೆ ಕೂತು ಕೊಕ್ಕು ಅದ್ದಿತು.

“ಕುಡ್ಕಳಿ” ಎಂದರು ಕೆಂಪಾಜಮ್ಮ, ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. “ಸಕ್ರೆ ಜಾಸ್ತೀನೇ ಹಾಕ್ಸಿವ್ನಿ.” ಆಮೇಲೆ ಅವರೂ ಒಂದು ಲೋಟ ನೀರು ಕುಡಿದರು.

ಸಣ್ಣಬೀರಯ್ಯ ಮೈಗೆಲ್ಲ ಮಸಿ ಬಳಿದುಕೊಂಡು ಬಂದು ನನ್ನ ಪಕ್ಕದಲ್ಲಿ ಅಟೆನ್ಷನ್‌ನಲ್ಲಿ ನಿಂತ. “ಈಗ ಇಪ್ಪತ್ತೊಂದೂ ಪೂರ್ತಿ ಆಯ್ತು ಮೇಷ್ಟ್ರೇ” ಎಂದ.

ನಾನು ಮೈಕಿನ ಮೇಲಿನಿಂದ ಅಂಗೈ ತೆಗೆದೆ. “ಮಹಾಜನಗಳೇ, ಸನ್ಮಾನ್ಯ ಹಲಗೇಗೌಡರಿಗೆ ಇಪ್ಪತ್ತೊಂದು ಕುಶಾಲತೋಪುಗಳ ಗೌರವ ಸಂಪೂರ್ಣವಾಗಿ ಸಂದಿದೆ. ಎಲ್ಲರೂ ಊಟಕ್ಕೆ ಏಳಬೇಕು” ಎಂದೆ.

ಮೇಷ್ಟ್ರು ಎಂದಿನಂತೆ ಏನೋ ಅಲಂಕಾರವಾಗಿ ಮಾತಾಡುತ್ತಿದ್ದಾರೆ ಎಂದುಕೊಂಡು ಜನ ಎಲೆ ಹಿಡಿಯಲು ಓಡಿದರು. ನನ್ನ ನುಡಿನಮನಗಳಲ್ಲೆಲ್ಲ ಒಂದಕ್ಷರವೂ ಸುಳ್ಳಿಲ್ಲದ ವಾಕ್ಯ ಅದೊಂದೇ.